ಐದೂವರೆ ಎಕರೆ ಪ್ಲಾಸ್ಟಿಕ್, ತುದಿಯಲ್ಲೊಂದು ಟೆಲಿಸ್ಕೋಪ್

(ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಕೆಲವು ಕಡೆ ಮಾತು ಹಾಗೇ ಇದೆ, ಕೆಲವು ಕಡೆ ಅವತ್ತು ಹೇಳಲು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆ ಅಲ್ವಾ? ಸರಿ.

ಬೀದರ್ ಜಿಲ್ಲೆಯಿಂದ ಶುರು ಮಾಡೋಣ. ಹುಮನಾಬಾದ್ ತಾಲ್ಲೂಕಿನಲ್ಲಿ ಜಲಸಂಗಿ ಅಂತ ಒಂದು ಊರಿದೆ. ಇತಿಹಾಸ ಓದಿದವರಿಗೆ ಆ ಹೆಸರು ಗೊತ್ತಿರುತ್ತದೆ. ಅಲ್ಲಿನ ಚಾಲುಕ್ಯರ ಕಾಲದ ದೇವಸ್ಥಾನದ ಗೋಡೆಯ ಮೇಲೆ ಶಾಸನ ಬರೆಯುತ್ತಾ ನಿಂತಿರುವ ಒಬ್ಬ ಶಿಲಾಬಾಲಿಕೆ ಇದ್ದಾಳೆ. 2025ರ ಜನವರಿಯಲ್ಲಿ ಒಂದು ಬೆಳಿಗ್ಗೆ ಆ ಊರಿನ ಮನೆಯೊಂದರ ಮೇಲೆ ಆಕಾಶದಿಂದ ಭಾರಿ ಬಲೂನೊಂದು ಬಂದು ಬಿತ್ತು. ಜೊತೆಗೆ ಏನೋ ಯಂತ್ರವಿದ್ದ ಪೆಟ್ಟಿಗೆ. ಜನ ಗಾಬರಿಯಾದರು. ಯಾರಿಗಾದರೂ ಆಗುತ್ತದೆ, ನಿದ್ದೆಗಣ್ಣಲ್ಲಿ ಹೊರಗೆ ಬಂದರೆ ಮನೆ ಮೇಲೆ ಪ್ಲಾಸ್ಟಿಕ್ ರಾಶಿ ಬಿದ್ದಿದೆ ಅಂದರೆ! ಪೊಲೀಸರು ಬಂದರು. ಪೆಟ್ಟಿಗೆಯ ಜೊತೆ ಒಂದು ಪತ್ರ ಇತ್ತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಹೈದರಾಬಾದಿನಲ್ಲಿ ನಡೆಸುವ ಬಲೂನ್ ಕೇಂದ್ರದ ಬಲೂನು, ಹಿಂದಿನ ರಾತ್ರಿ ಬಿಟ್ಟಿದ್ದು ಅಂತ ಗೊತ್ತಾಯಿತು. ಕಲ್ಲಿನ ಹುಡುಗಿ ಒಂಬೈನೂರು ವರ್ಷದಿಂದ ಬರೆಯುತ್ತಲೇ ಇರುವ ಊರಿಗೆ ಆಕಾಶದಿಂದಲೇ ಕಾಗದ ಬಂತು ನೋಡಿ ಅಂತ ನಾನು ಆಗಾಗ ತಮಾಷೆ ಮಾಡುತ್ತಿರುತ್ತೇನೆ.

ಈ ಕಥೆ ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ರಾಕೆಟ್ ಅಂದ ಕೂಡಲೇ ಮೇಲೆ ಹೇಗೆ ಹೋಗುತ್ತೆ ಅಂತ ಕೇಳುತ್ತೇವೆ. ಬಲೂನಿಗೆ ಕಟ್ಟಿ ಕಳಿಸುವ ಟೆಲಿಸ್ಕೋಪಿನ ವಿಷಯದಲ್ಲಿ ಮೊದಲ ಪ್ರಶ್ನೆ, ಇದು ಎಲ್ಲಿ ಬೀಳುತ್ತೆ? ಉಪಗ್ರಹ ಒಮ್ಮೆ ಹೋದರೆ ಹೋಯಿತು. ಇದು ಹಾಗಲ್ಲ, ವಾಪಸ್ ಬರುತ್ತದೆ. ಯಾರದ್ದೋ ಹೊಲಕ್ಕೆ, ಗುಡ್ಡಕ್ಕೆ, ಹಿಮಕ್ಕೆ, ಕೆಲವು ಸಲ ಸೂರಿನ ಮೇಲಕ್ಕೆ. ತಯಾರಿಯ ಪ್ರತಿ ಹೆಜ್ಜೆಯಲ್ಲೂ ಈ ಬೀಳುವ ಯೋಚನೆ ಸೇರಿಕೊಂಡಿರುತ್ತದೆ.

ಅಷ್ಟು ಮೇಲೆ ಯಾಕೆ ಹೋಗಬೇಕು? ಗಾಳಿ ಅಡ್ಡ ಬರುತ್ತೆ, ಅಷ್ಟೇ. ನಕ್ಷತ್ರ ಮಿನುಗೋದು ನೋಡೋಕೆ ಚೆಂದ, ಟೆಲಿಸ್ಕೋಪಿಗೆ ಅದು ರೋಗ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಆಕಾಶದಿಂದ ಬರುವ ಬೆಳಕಿನ ಬಗೆಗಳಲ್ಲಿ ಹೆಚ್ಚಿನವು ನೆಲಕ್ಕೆ ಮುಟ್ಟುವುದೇ ಇಲ್ಲ. ಎಕ್ಸ್-ರೇ, ಗಾಮಾ ಕಿರಣಗಳನ್ನು ಗಾಳಿ ನುಂಗುತ್ತದೆ. ಅತಿನೇರಳೆಯ ದೊಡ್ಡ ಭಾಗವನ್ನು ಓಝೋನ್ ತಡೆಯುತ್ತದೆ. ದೂರದ ಅವಗೆಂಪು (ಫಾರ್ ಇನ್‌ಫ್ರಾರೆಡ್) ಬೆಳಕನ್ನು ನೀರಾವಿ ಕುಡಿದುಬಿಡುತ್ತದೆ. ಆದರೆ ಸುಮಾರು 31 ಕಿಲೋಮೀಟರ್ ಮೇಲೆ ಹೋದರೆ ಭೂಮಿಯ ಗಾಳಿಯಲ್ಲಿ ನೂರಕ್ಕೆ 99 ಭಾಗ ಕಾಲ ಕೆಳಗೆ ಉಳಿಯುತ್ತದೆ. ಅಲ್ಲಿ ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ಹಗಲಿನಲ್ಲೂ ಆಕಾಶ ಕಪ್ಪು.

ಇದರಲ್ಲಿ ನಮ್ಮ ಬೆಂಗಳೂರಿಗೆ ಹಳೆಯ ಪಾಲಿದೆ. ನೊಬೆಲ್ ಪಡೆದ ರಾಬರ್ಟ್ ಮಿಲಿಕನ್ 1939-40ರಲ್ಲಿ ತನ್ನ ಸಂಗಡಿಗರ ಜೊತೆ ಭಾರತಕ್ಕೆ ಬಂದು ಬೆಂಗಳೂರು, ಆಗ್ರಾ, ಪೇಶಾವರಗಳಿಂದ ವಿಶ್ವಕಿರಣ ಅಳೆಯುವ ಬಲೂನುಗಳನ್ನು ಹಾರಿಸಿದರು. ಇಷ್ಟು ದೂರ ಬಂದದ್ದು ಯಾಕೆ ಅಂದರೆ, ಬಾಹ್ಯಾಕಾಶದಿಂದ ಬರುವ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಪಕ್ಕಕ್ಕೆ ತಳ್ಳುತ್ತದೆ, ಕಾಂತೀಯ ಸಮಭಾಜಕದ ಹತ್ತಿರ ಈ ತಳ್ಳಾಟ ಬಹಳ ಜೋರು, ತುಂಬಾ ಶಕ್ತಿ ಇರುವ ಕಣ ಮಾತ್ರ ಒಳಗೆ ನುಗ್ಗುತ್ತದೆ. ದಕ್ಷಿಣ ಭಾರತ ಆ ಗೆರೆಗೆ ಹತ್ತಿರ. ಅದೇ ಹೊತ್ತಿಗೆ ರಜೆಗೆ ಬಂದಿದ್ದ ಹೋಮಿ ಭಾಭಾ ಯುದ್ಧ ಶುರುವಾಗಿ ವಾಪಸ್ ಹೋಗಲಾಗದೆ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಉಳಿದುಕೊಂಡರು, ವಿಶ್ವಕಿರಣದ ಹಿಂದೆ ಬಿದ್ದರು. 1945ರಲ್ಲಿ ಟಿಐಎಫ್‌ಆರ್ ಶುರುವಾಗಿದ್ದೂ ಬೆಂಗಳೂರಿನಲ್ಲೇ, ಆಮೇಲೆ ಮುಂಬೈಗೆ ಹೋಯಿತು. ಅದೇ ಸಂಸ್ಥೆ ಮುಂದೆ ಹೈದರಾಬಾದಿನಲ್ಲಿ ಬಲೂನಿಗೇ ಅಂತ ಒಂದು ಕೇಂದ್ರ ಕಟ್ಟಿತು. ಬಲೂನಿನ ಹಾಳೆಯಿಂದ ಹಿಡಿದು ಎಲ್ಲವನ್ನೂ ಅಲ್ಲೇ ಮಾಡಿಕೊಂಡು ನೂರಾರು ಬಲೂನು ಹಾರಿಸಿದ್ದಾರೆ.

ಹಾಳೆ ವಿಷಯಕ್ಕೆ ಬಂದೆವು, ಸ್ವಲ್ಪ ಇಲ್ಲೇ ನಿಲ್ಲೋಣ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಬಲೂನ್ ಅಂದರೆ ರಬ್ಬರ್ ಅಂದುಕೊಳ್ಳಬೇಡಿ. ಹವಾಮಾನದವರು ದಿನಾ ಬಿಡುವುದು ರಬ್ಬರಿನದು. ಅದು ಹಿಗ್ಗುತ್ತಾ ಹಿಗ್ಗುತ್ತಾ ಮೇಲೆ ಹೋಗಿ ಒಡೆಯುತ್ತದೆ, ಕೆಲವು ಕಿಲೋ ಹೊರುತ್ತದೆ. ನೂರಾರು ಕಿಲೋ ತೂಗುವ ಟೆಲಿಸ್ಕೋಪಿಗೆ ಅದು ಸಾಲದು. ಅದಕ್ಕೆ ಬೇಕಾಗಿರುವುದು ಪಾಲಿಥೀನ್. ಹೌದು, ಅಂಗಡಿ ಕವರಿನ ಜಾತಿಯದೇ. ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಐವತ್ತು ಪದರ ಕೂರುತ್ತದೆ. ಕಿತ್ತಳೆ ತೊಳೆಯ ಆಕಾರದ ಉದ್ದುದ್ದ ಪಟ್ಟಿಗಳನ್ನು ಬಿಸಿ ಮಾಡಿ ಅಂಟಿಸುತ್ತಾ ಹೋಗಬೇಕು. ಹೈದರಾಬಾದಿನಿಂದ ಹಾರುವ ದೊಡ್ಡ ಬಲೂನುಗಳು ಪೂರ್ತಿ ಉಬ್ಬಿದಾಗ 85 ಮೀಟರ್ ಅಗಲ ಇರುತ್ತವೆ. ನಾನು ಕೂತು ಲೆಕ್ಕ ಹಾಕಿದೆ: ಅಷ್ಟು ದೊಡ್ಡ ಚೆಂಡಿನ ಮೈಯನ್ನು ಬಿಚ್ಚಿ ಹರಡಿದರೆ ಐದೂವರೆ ಎಕರೆ ಆಗುತ್ತದೆ. ಐದೂವರೆ ಎಕರೆ ಹೊಲ ಇರುವವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಇಡೀ ಹೊಲಕ್ಕೆ ಅಂಗಡಿ ಕವರ್ ಹೊದಿಸಿದ ಹಾಗೆ, ಒಂದು ಕಡೆಯೂ ಸೂಜಿ ತೂತು ಇರಬಾರದು.

ಇಷ್ಟಾದರೂ ಸಾಲದು. ಹೈದರಾಬಾದಿನ ಮೇಲೆ ಒಂದು ವಿಚಿತ್ರ ಕಾದಿರುತ್ತದೆ. ನಮ್ಮದು ಸೆಕೆ ನಾಡು, ಮೇಲೆ ಹೋದರೂ ಚಳಿ ಕಡಿಮೆ ಇರಬಹುದು ಅನ್ನಿಸುತ್ತದೆ ಅಲ್ವಾ? ಉಲ್ಟಾ. ಇಲ್ಲಿ ಬಿಸಿ ಗಾಳಿ ಬಹಳ ಎತ್ತರದವರೆಗೆ ಏರುತ್ತದೆ, ಏರಿದಷ್ಟೂ ತಣ್ಣಗಾಗುತ್ತದೆ. ಹಾಗಾಗಿ 16-17 ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇರುತ್ತದೆ, ಕೆಲವು ಸಲ ಇನ್ನೂ ಕೆಳಗೆ. ಯುರೋಪ್, ಅಮೆರಿಕಾದ ಮೇಲೆ ಸಾಮಾನ್ಯವಾಗಿ ಅಷ್ಟು ಚಳಿ ಸಿಗುವುದಿಲ್ಲ. ಆ ಚಳಿಯಲ್ಲಿ ಮಾಮೂಲಿ ಪಾಲಿಥೀನ್ ಹಪ್ಪಳದ ಹಾಗೆ ಆಗುತ್ತದೆ. ಬಲೂನ್ ಸಿಡಿದರೆ ಹೆಚ್ಚಾಗಿ ಅಲ್ಲೇ. ಆ ಪದರವನ್ನು ದಾಟುವ ಹಾಳೆಯನ್ನು ಇಲ್ಲಿನವರು ತಾವೇ ಹುಡುಕಿಕೊಳ್ಳಬೇಕಾಯಿತು. ಹೊರಗಿನಿಂದ ತಂದದ್ದು ನಮ್ಮ ಆಕಾಶಕ್ಕೆ ಆಗಿಬರುವುದಿಲ್ಲ.

ಇನ್ನು ಟೆಲಿಸ್ಕೋಪ್. ಟಿಐಎಫ್‌ಆರ್‌ನವರದು ಒಂದು ಮೀಟರ್ ಕನ್ನಡಿಯದು, ದೂರದ ಅವಗೆಂಪು ಬೆಳಕು ನೋಡುತ್ತದೆ. ಜಪಾನಿನ ವಿಜ್ಞಾನಿಗಳು ತಂದ ಉಪಕರಣವನ್ನು ಅದಕ್ಕೆ ಜೋಡಿಸಿ 158 ಮೈಕ್ರಾನ್ ತರಂಗಾಂತರ ಅನ್ನುವ ಒಂದೇ ಒಂದು ಬಣ್ಣದಲ್ಲಿ ಆಕಾಶ ನೋಡಿದ್ದಾರೆ. ಆ ಬಣ್ಣ ಯಾಕೆ? ನಕ್ಷತ್ರ ಹುಟ್ಟುವ ಅನಿಲದ ಮೋಡ ಕುಗ್ಗಬೇಕಾದರೆ ಮೊದಲು ತಣ್ಣಗಾಗಬೇಕು. ಅಲ್ಲಿನ ಕಾರ್ಬನ್ ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಪರಮಾಣು, ಆ ಬಿಸಿಯನ್ನು 158 ಮೈಕ್ರಾನ್ ಬೆಳಕಾಗಿ ಹೊರಹಾಕುತ್ತದೆ. ಮೋಡ ಬೆವರುವುದನ್ನು ನೋಡುವುದು ಅಂದುಕೊಳ್ಳಿ. ನೆಲದಿಂದ ಇದು ಕಾಣೋದೇ ಇಲ್ಲ.

ಇಷ್ಟು ಮಂಕು ಬೆಳಕು ಹಿಡಿಯುವ ಡಿಟೆಕ್ಟರ್ ತಾನೇ ಬಿಸಿಯಾಗಿದ್ದರೆ ಏನೂ ಕಾಣದು. ಅದಕ್ಕೇ ಅದನ್ನು ದ್ರವ ಹೀಲಿಯಂ ತುಂಬಿದ ಪಾತ್ರೆಯಲ್ಲಿಟ್ಟು, ಇದಕ್ಕಿಂತ ಕೆಳಗೆ ಹೋಗಲಾರದು ಅನ್ನುವ ಶೀತಕ್ಕಿಂತ ಕೆಲವೇ ಡಿಗ್ರಿ ಮೇಲಿನ ತನಕ ತಣ್ಣಗೆ ಮಾಡುತ್ತಾರೆ. ಹೀಲಿಯಂ ಸುಮ್ನೆ ಕೂರುವ ವಸ್ತುವಲ್ಲ, ಆವಿಯಾಗುತ್ತಲೇ ಇರುತ್ತದೆ. ಗಾಳಿ ಸರಿಯಿಲ್ಲ ಅಂತ ಹಾರಾಟ ಒಂದು ದಿನ ಮುಂದಕ್ಕೆ ಹೋದರೆ ಮತ್ತೆ ತುಂಬಬೇಕು. ಮತ್ತೊಂದು ದಿನ ಹೋದರೆ ಮತ್ತೆ. ಕಾಯುವುದಕ್ಕೂ ದುಡ್ಡು ಖರ್ಚಾಗುತ್ತದೆ.

ತಯಾರಿಯ ಕೋಣೆಯಲ್ಲಿ ಎಂಜಿನಿಯರುಗಳ ತಲೆ ತಿನ್ನುವ ವಿಷಯಗಳು ನಾವು ನೀವು ಊಹಿಸುವಂಥವಲ್ಲ. ಮೇಲೆ ಅಷ್ಟು ಚಳಿ ಅಲ್ವಾ, ಕಂಪ್ಯೂಟರ್ ಹೆಪ್ಪುಗಟ್ಟುತ್ತೆ ಅಂದುಕೊಳ್ಳುತ್ತೇವೆ. ಅದೇ ಕಂಪ್ಯೂಟರ್ ಅಲ್ಲಿ ಬೆಂದುಹೋಗಬಹುದು. ಬಿಸಿಯನ್ನು ಹೊತ್ತೊಯ್ಯಲು ಗಾಳಿಯೇ ಇಲ್ಲ, ಫ್ಯಾನ್ ತಿರುಗುತ್ತದೆ, ಏನೂ ಬೀಸುವುದಿಲ್ಲ. ಹಾಗಾಗಿ ಪ್ರತಿ ಚಿಪ್ಪಿನಿಂದ ಲೋಹದ ದಾರಿ ಮಾಡಿ ಬಿಸಿಯನ್ನು ಚೌಕಟ್ಟಿಗೆ ಹರಿಸಬೇಕು, ಅಲ್ಲಿಂದ ಬಿಳಿ ಬಣ್ಣ ಬಳಿದ ತಗಡಿನ ಮೂಲಕ ಆಕಾಶಕ್ಕೆ ಬಿಡಬೇಕು. ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಇಟ್ಟರೆ ಅದರ ಓದುವ ಮುಳ್ಳು ತೇಲುವುದೇ ಗಾಳಿಯ ತೆಳು ಪದರದ ಮೇಲೆ, ಗಾಳಿ ಇಲ್ಲದಿದ್ದರೆ ಕೆಳಗೆ ಕೂತು ಡಿಸ್ಕನ್ನೇ ಕೆರೆಯುತ್ತದೆ. ಅದಕ್ಕೇ ನೆಲದ ಗಾಳಿಯನ್ನು ಒಂದು ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ, ಡಿಸ್ಕನ್ನು ಅದರೊಳಗೆ ಕೂರಿಸಿ ಕಳಿಸುತ್ತಿದ್ದರು.

ಇನ್ನೊಂದು ಪೀಡೆ ಇದೆ. ಗಾಳಿ ಪೂರ್ತಿ ಇದ್ದರೆ ಕಿಡಿ ಹಾರುವುದು ಕಷ್ಟ. ಗಾಳಿ ಪೂರ್ತಿ ಇಲ್ಲದಿದ್ದರೂ ಕಷ್ಟ. ನಡುವೆ ಅರೆಬರೆ ಇದ್ದಾಗ ಮಾತ್ರ ಬಲು ಸುಲಭ. ಬಲೂನ್ ಹೋಗಿ ನಿಲ್ಲುವುದು ಸರಿಯಾಗಿ ಆ ಅರೆಬರೆ ಜಾಗದಲ್ಲೇ! ಕೋಣೆಯಲ್ಲಿ ಚೆನ್ನಾಗಿ ಓಡಿದ ಹೈ ವೋಲ್ಟೇಜ್ ಸಪ್ಲೈ ಮೇಲೆ ಹೋಗಿ ಚಿಟಚಿಟ ಅನ್ನತೊಡಗುತ್ತದೆ. ಅದಕ್ಕೇ ಅಂಥ ಸರ್ಕ್ಯೂಟುಗಳನ್ನು ಸಿಲಿಕೋನ್ ಅಂಟು ಸುರಿದು ಮುಚ್ಚುತ್ತಾರೆ. ಒಂದು ಗುಳ್ಳೆ ಒಳಗೆ ಉಳಿದರೂ ಕೆಲಸ ಕೆಟ್ಟಿತು.

ಇಲ್ಲಿ ನನ್ನ ಸ್ವಂತ ಪೆದ್ದುತನ ಒಂದು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ನಾವು ಆರು ಜನ ಸೇರಿ, ಮೇಷ್ಟ್ರು ಓಡಾಡಿ ಅನುಮತಿ ತಂದುಕೊಟ್ಟ ಮೇಲೆ, ಒಂದು ರಬ್ಬರ್ ಬಲೂನಿಗೆ ಥರ್ಮೋಕೋಲ್ ಡಬ್ಬಿ ಕಟ್ಟಿ ಬಿಟ್ಟೆವು. ಒಳಗೆ ಕ್ಯಾಮೆರಾ. ಬಲೂನಿನ ಕತ್ತು ಹಿಡಿದುಕೊಳ್ಳುವ ಕೆಲಸ ನನ್ನದು. ಹತ್ತಿಯ ಕೈಗವಸು ಹಾಕಿಕೊಂಡು ಹಿಡಿದಿದ್ದೆ, ಬೆವರಿನ ಕೈ ತಾಗಿದರೂ ರಬ್ಬರ್ ಹಾಳಾಗುತ್ತೆ ಅಂತ ಹೆದರಿಸಿದ್ದರು. ನೋಡಲು ಸೌಮ್ಯ, ಹಿಡಿದರೆ ಹಗ್ಗ ಬಿಗಿದ ಕರುವಿನ ಹಾಗೆ ಜಗ್ಗುತ್ತದೆ. ಸ್ವಲ್ಪ ಗಾಳಿ ಬೀಸಿದರೂ ಅದು ಮೇಲೆ ಎಳೆಯುವುದು ಬಿಟ್ಟು ಪಕ್ಕಕ್ಕೆ ಎಳೆಯುತ್ತದೆ, ನೀವೂ ಅದರ ಹಿಂದೆ ನಾಲ್ಕು ಹೆಜ್ಜೆ ಓಡುತ್ತೀರಿ. ಕೊನೆಗೆ ಬಿಟ್ಟೆವು. ಚಿಂತಾಮಣಿ ಕಡೆ ಬಿತ್ತು. ಹುಡುಕಿಕೊಂಡು ಹೋದರೆ ಒಬ್ಬ ಅಜ್ಜಿ ಅದನ್ನು ದನದ ಕೊಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು.

"ನಿಮ್ದೇನಪ್ಪಾ ಇದು? ಐಸು ಮಾರೋರ್ದು ಅಂದ್ಕೊಂಡೆ" ಅಂದರು. ಮಜ್ಜಿಗೆ ಕೊಟ್ಟರು.

ಮನೆಗೆ ಬಂದು ವಿಡಿಯೊ ಹಾಕಿದರೆ ಎರಡು ಗಂಟೆ ಬರೀ ಬಿಳಿ. ಡಬ್ಬಿಯನ್ನು ನಾವು ಹಿಂದಿನ ಸಂಜೆ, ಮಳೆ ನಿಂತ ಹೊತ್ತಿನಲ್ಲಿ ಟೇಪು ಸುತ್ತಿ ಮುಚ್ಚಿದ್ದೆವು. ಆ ತೇವ ಮೇಲೆ ಹೋಗಿ ಲೆನ್ಸಿನ ಮೇಲೆ ಮಂಜಾಗಿ ಕೂತಿತ್ತು. ಹತ್ತು ರೂಪಾಯಿಯ ಸಿಲಿಕಾ ಜೆಲ್ ಪುಡಿಕೆ ಹಾಕಿದ್ದರೆ ಸಾಕಿತ್ತು. ಅವತ್ತಿನಿಂದ ನನಗೆ ಈ ತಯಾರಿ ಮಾಡುವವರ ಮೇಲೆ ಗೌರವ ಜಾಸ್ತಿ.

ಇರಲಿ, ಹಾರಿಸುವ ರಾತ್ರಿಗೆ ಬರೋಣ.

ಅದಕ್ಕೂ ಮೊದಲು ಒಂದು ಪರೀಕ್ಷೆ ಇರುತ್ತದೆ. ಟೆಲಿಸ್ಕೋಪ್ ಇರುವ ಇಡೀ ಚೌಕಟ್ಟನ್ನು, ಅದಕ್ಕೆ ಗೊಂಡೋಲ ಅನ್ನುತ್ತಾರೆ, ಕ್ರೇನಿಗೆ ನೇತು ಹಾಕಿ, ಎಲ್ಲವನ್ನೂ ಒಟ್ಟಿಗೇ ಚಾಲೂ ಮಾಡುತ್ತಾರೆ. ಟ್ರಾನ್ಸ್‌ಮಿಟರ್, ಮೋಟಾರ್, ಕ್ಯಾಮೆರಾ, ಎಲ್ಲ. ಒಂದೊಂದೇ ಚೆನ್ನಾಗಿ ಓಡಿದವು ಒಟ್ಟಿಗೆ ಸೇರಿದಾಗ ಜಗಳ ಆಡುತ್ತವೆ, ರೇಡಿಯೊ ಶುರುವಾದ ಕೂಡಲೇ ಡಿಟೆಕ್ಟರ್ ಕಿರುಚತೊಡಗುತ್ತದೆ. ಇದನ್ನು ನೆಲದ ಮೇಲೇ ಪತ್ತೆ ಹಚ್ಚಬೇಕು. ಕೆಳಗಿನ ಕಾಲುಗಳಿಗೆ ಜೇನುಗೂಡಿನ ಹಾಗೆ ತೂತುತೂತಾದ ರಟ್ಟಿನ ದಿಂಡುಗಳನ್ನು ಕಟ್ಟುತ್ತಾರೆ. ಇಷ್ಟೆಲ್ಲಾ ದುಬಾರಿ ಯಂತ್ರ, ಬೀಳುವಾಗ ಏಟು ತಿಂದು ನುಜ್ಜುಗುಜ್ಜಾಗಲು ಬರೀ ರಟ್ಟು! ಅದಕ್ಕಿಂತ ಒಳ್ಳೆಯದು ಸುಲಭವಾಗಿ ಸಿಕ್ಕಿಲ್ಲ.

ಗಾಳಿ ನಿಲ್ಲುವ ಹೊತ್ತು ಬೇಕು, ಆದ್ದರಿಂದ ಸಾಮಾನ್ಯವಾಗಿ ರಾತ್ರಿ ಅಥವಾ ನಸುಕು. ಚಿಕ್ಕ ಚಿಕ್ಕ ಬಲೂನುಗಳನ್ನು ಮೊದಲು ಬಿಟ್ಟು ಅವು ಯಾವ ಕಡೆ ವಾಲುತ್ತವೆ ಅಂತ ನೋಡುತ್ತಾರೆ, ಪೈಲಟ್ ಬಲೂನ್ ಅಂತ ಅವಕ್ಕೆ ಹೆಸರು. ನೆಲದ ಮೇಲೆ ಎಲೆ ಅಲ್ಲಾಡದಿದ್ದರೂ ಇನ್ನೂರು ಮೀಟರ್ ಮೇಲೆ ಗಾಳಿ ಬೇರೆಯೇ ದಿಕ್ಕಿಗೆ ಓಡುತ್ತಿರಬಹುದು. ಬಲೂನ್, ಪ್ಯಾರಾಶೂಟ್, ಹಗ್ಗ, ಗೊಂಡೋಲ ಎಲ್ಲ ಸೇರಿ ಅಷ್ಟು ಎತ್ತರ ಮುಟ್ಟುತ್ತವೆ, ಹಾಗಾಗಿ ಬುಡಕ್ಕೊಂದು ಗಾಳಿ, ತಲೆಗೊಂದು ಗಾಳಿ.

ನೆಲಕ್ಕೆ ಮೆತ್ತನೆಯ ಹಾಸು ಹಾಸುತ್ತಾರೆ. ಅದರ ಮೇಲೆ ಬಲೂನನ್ನು ಉದ್ದಕ್ಕೆ ಬಿಚ್ಚುತ್ತಾರೆ. ಸೀರೆಯ ನೆರಿಗೆ ಒಟ್ಟು ಮಾಡಿದ ಹಾಗೆ ಹಾಳೆಯೆಲ್ಲ ಕೂಡಿ ಒಂದು ಉದ್ದದ ಹಗ್ಗದಂತೆ ಮಲಗಿರುತ್ತದೆ. ಹತ್ತಿರ ಹೋಗುವವರು ಉಂಗುರ, ವಾಚು ತೆಗೆಯಬೇಕು. ಹೈದರಾಬಾದಿನಲ್ಲಿ ತುಂಬುವುದು ಹೈಡ್ರೋಜನ್, ಅದಕ್ಕೆ ಕಿಡಿ ಸಾಕು, ಆದ್ದರಿಂದ ಇನ್ನೂ ಹುಷಾರು. ಬಲೂನಿನ ತಲೆಯ ಭಾಗವನ್ನು ಮಾತ್ರ ಒಂದು ಉರುಳೆಯ ಕೆಳಗೆ ಸಿಕ್ಕಿಸಿ, ಆ ತಲೆಗಷ್ಟೇ ಅನಿಲ ತುಂಬುತ್ತಾರೆ. ಇದನ್ನು ಮೊದಲ ಸಲ ನೋಡಿದವರಿಗೆ ಮೋಸ ಅನ್ನಿಸುತ್ತದೆ. ಇಷ್ಟುದ್ದದ ಬಲೂನಿಗೆ ಒಂದು ಮೂಲೆಯಲ್ಲಿ ಗುಳ್ಳೆ! ಆದರೆ ಒಟ್ಟು ಒಂದು ಟನ್ ಎತ್ತಲು ನೆಲದ ಮೇಲೆ ಸುಮಾರು 1000 ಘನ ಮೀಟರ್ ಹೈಡ್ರೋಜನ್ ಸಾಕು, ಅಂದರೆ 12 ಮೀಟರ್ ಅಗಲದ ಗುಳ್ಳೆ. ಮೇಲೆ ಹೋದಂತೆ ಒತ್ತಡ ಇಳಿದು ಅದೇ ಅನಿಲ ನೂರು ಪಟ್ಟು ಹಿಗ್ಗಿ ಬಲೂನನ್ನೆಲ್ಲ ತುಂಬುತ್ತದೆ. ಪೂರ್ತಿ ಭಾರಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು ಎಳೆತ ಇಟ್ಟಿರುತ್ತಾರೆ. ಅದೇ ಏರುವ ವೇಗ, ಸೆಕೆಂಡಿಗೆ ಐದು ಮೀಟರ್ ಆಸುಪಾಸು.

ತುಂಬುವಾಗ ಬರುವ ಸದ್ದೊಂದು ಇದೆ, ವಿಡಿಯೊಗಳಲ್ಲಿ ಕೇಳಿ. ಅನಿಲದ ಬುಸ್ಸ್ ಅನ್ನುವ ಸದ್ದು, ಅದರ ಜೊತೆ ಹಾಳೆಯ ಸರಸರ, ಮಳೆಗಾಲದಲ್ಲಿ ಅಡಿಕೆ ಕೊಟ್ಟಿಗೆಗೆ ಹೊದಿಸಿದ ಟಾರ್ಪಾಲು ಗಾಳಿಗೆ ಬಡಿದುಕೊಳ್ಳುತ್ತದಲ್ಲ, ಹಾಗೆ. ಗುಳ್ಳೆ ನಿಧಾನಕ್ಕೆ ಎದ್ದು ನಿಲ್ಲುತ್ತದೆ. ಒಮ್ಮೆ ಹೀಗೆ ತುಂಬಿದ ಬಲೂನನ್ನು ಮತ್ತೆ ಮಡಚಿ ಪೆಟ್ಟಿಗೆಗೆ ಹಾಕಲು ಆಗುವುದಿಲ್ಲ. ಗಾಳಿ ಎದ್ದರೆ ಬಲೂನ್ ದಂಡ. ಹಾಗಾಗಿ ತುಂಬಲು ಶುರು ಮಾಡಿ ಅನ್ನುವ ಅಪ್ಪಣೆ ಇಡೀ ರಾತ್ರಿಯ ಕಷ್ಟದ ತೀರ್ಮಾನ.

ಆಮೇಲೆ ಉರುಳೆ ಬಿಚ್ಚುತ್ತಾರೆ. ಗುಳ್ಳೆ ಚಂಗನೆ ಮೇಲೆ ಹಾರುತ್ತದೆ, ಅದರ ಹಿಂದೆ ನೆಲದ ಮೇಲೆ ಮಲಗಿದ್ದ ಬಾಲವೆಲ್ಲ ಸರಕ್ಕನೆ ಏಳುತ್ತಾ ಬರುತ್ತದೆ, ಪ್ಯಾರಾಶೂಟ್, ಹಗ್ಗ, ಎಲ್ಲ. ಗೊಂಡೋಲ ಇನ್ನೂ ಗಾಡಿಯ ಕ್ರೇನಿನಲ್ಲೇ ನೇತಾಡುತ್ತಿದೆ. ದೊಡ್ಡ ಹಾರಾಟಗಳಲ್ಲಿ ಡ್ರೈವರ್ ಗಾಡಿಯನ್ನು ಬಲೂನಿನ ನೇರ ಕೆಳಕ್ಕೆ ಓಡಿಸಬೇಕು. ಹಗ್ಗ ಸೆಟೆದು ನೆಟ್ಟಗಾದ ಆ ಗಳಿಗೆಯಲ್ಲಿ ಕೊಂಡಿ ಬಿಡಬೇಕು. ಸ್ವಲ್ಪ ಮೊದಲು ಬಿಟ್ಟರೆ ಗೊಂಡೋಲ ಲೋಲಕದಂತೆ ತೂಗಿ ನೆಲಕ್ಕೆ ಬಡಿಯುತ್ತದೆ. ವರ್ಷಗಟ್ಟಲೆ ಕೂತು ಕಟ್ಟಿದ ವಿಜ್ಞಾನಿಗಳು ಆಗ ದೂರದಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಎಲ್ಲಾ ಇರುವುದು ಆ ಡ್ರೈವರ್ ಮತ್ತು ಕೊಂಡಿ ಬಿಡುವವರ ಕೈಯಲ್ಲಿ.

ತಪ್ಪಿದರೆ ಏನಾಗುತ್ತೆ? 2010ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನಾಸಾ ಬಲೂನಿನಲ್ಲಿ ಒಂದು ಗಾಮಾ ಕಿರಣ ಟೆಲಿಸ್ಕೋಪ್ ಹೊರಟಿತ್ತು. ಬಲೂನ್ ಮೇಲೆದ್ದಿತು, ಗಾಳಿ ತಳ್ಳಿತು, ಕೊಂಡಿ ಬಿಡಲೇ ಇಲ್ಲ. ಕ್ರೇನ್ ಅದರ ಹಿಂದೆ ಓಡಿ ಓಡಿ ಬೇಲಿಯ ಹತ್ತಿರ ಬಂತು. ಅಲ್ಲಿ ಗೊಂಡೋಲ ಕಿತ್ತುಕೊಂಡು ನೆಲಕ್ಕೆ ಬಿದ್ದು, ಬೇಲಿ ಮುರಿದು, ನಿಲ್ಲಿಸಿದ್ದ ಒಂದು ಕಾರನ್ನು ಉರುಳಿಸಿತು. ನೋಡಲು ಬಂದವರು ಕೂದಲೆಳೆಯಲ್ಲಿ ಉಳಿದರು. ಆ ವಿಡಿಯೊ ಈಗಲೂ ಸಿಗುತ್ತದೆ, ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದೇ ತಂಡ ಮತ್ತೆ ಕೂತು ಕಟ್ಟಿತು, ಕೋಸಿ ಅನ್ನುವ ಹೊಸ ಹೆಸರಲ್ಲಿ. 2016ರಲ್ಲಿ ನ್ಯೂಜಿಲೆಂಡಿನ ವನಾಕಾದಿಂದ ಹೊರಟು 46 ದಿನ ಹಾರಿತು. ಬಿದ್ದ ಮೇಲೆ ಎದ್ದು ಮತ್ತೆ ಹೋಗೋದು ಈ ಜಾತಿಯ ಟೆಲಿಸ್ಕೋಪಿಗೆ ಮಾತ್ರ ಸಾಧ್ಯ.

ವನಾಕಾ ಅಂದೆ, ಅಲ್ಲಿಂದಲೇ 2023ರ ಏಪ್ರಿಲ್‌ನಲ್ಲಿ ಹೊರಟ ಸೂಪರ್‌ಬಿಟ್ ಅನ್ನುವ ಟೆಲಿಸ್ಕೋಪಿನ ಬಗ್ಗೆ ಹೇಳಲೇಬೇಕು. ಅರ್ಧ ಮೀಟರ್ ಕನ್ನಡಿ. ಕೆನಡಾ, ಬ್ರಿಟನ್, ಅಮೆರಿಕಾದ ವಿಶ್ವವಿದ್ಯಾಲಯಗಳು ಸೇರಿ ಮಾಡಿದ್ದು. 33 ಕಿಲೋಮೀಟರ್ ಎತ್ತರದಲ್ಲಿ ದಕ್ಷಿಣಾರ್ಧಗೋಳವನ್ನು ಐದು ಸುತ್ತಿಗಿಂತ ಹೆಚ್ಚು ಸುತ್ತಿತು, ಗಾಳಿ ಕರೆದುಕೊಂಡು ಹೋದ ಕಡೆಗೆ. ಗ್ಯಾಲಕ್ಸಿಗಳ ಗುಂಪಿನ ಹಿಂದಿನಿಂದ ಬರುವ ಬೆಳಕು ಎಷ್ಟು ಬಾಗಿದೆ ಅಂತ ನೋಡಿ, ಕಾಣದ ಕಪ್ಪು ದ್ರವ್ಯ ಎಲ್ಲೆಲ್ಲಿದೆ ಅಂತ ನಕ್ಷೆ ಮಾಡುವ ಕೆಲಸ ಅದರದು.

ಉದ್ದ ಹಗ್ಗದ ತುದಿಯಲ್ಲಿ ತೂಗುತ್ತಾ ತಿರುಗುತ್ತಾ ಇರುವ ಟೆಲಿಸ್ಕೋಪನ್ನು ಒಂದೇ ಕಡೆ ನೆಟ್ಟು ಹಿಡಿಯೋದು ಹೇಗೆ? ತಿರುಗುವ ಕುರ್ಚಿಯ ಮೇಲೆ ಕಾಲೆತ್ತಿ ಕೂತು ಎರಡೂ ಕೈಗಳನ್ನು ಎಡಕ್ಕೆ ಬೀಸಿ ನೋಡಿ, ಕುರ್ಚಿ ಬಲಕ್ಕೆ ಹೋಗುತ್ತದೆ. ಅದೇ ಉಪಾಯ. ಗೊಂಡೋಲದಲ್ಲಿ ಭಾರದ ಚಕ್ರ ಇರುತ್ತದೆ, ಅದನ್ನು ಒಂದು ಕಡೆ ಜೋರಾಗಿ ತಿರುಗಿಸಿದರೆ ಗೊಂಡೋಲ ಇನ್ನೊಂದು ಕಡೆ ತಿರುಗುತ್ತದೆ. ನಕ್ಷತ್ರ ಗುರುತಿಸುವ ಕ್ಯಾಮೆರಾ ಎಲ್ಲಿ ನೋಡುತ್ತಿದ್ದೇವೆ ಅಂತ ಹೇಳುತ್ತಾ ಇರುತ್ತದೆ. ಸೂಪರ್‌ಬಿಟ್ ಅಲುಗಾಟವನ್ನು ಒಂದು ಆರ್ಕ್‌ಸೆಕೆಂಡಿಗಿಂತ, ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲಿಗಿಂತ, ಕಡಿಮೆ ಇಟ್ಟಿತ್ತು. ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಹಿಡಿದ ಒಂದು ರೂಪಾಯಿ ನಾಣ್ಯದ ಅಗಲ ಅದು, ಅದಕ್ಕಿಂತ ಕಡಿಮೆ. ಉಯ್ಯಾಲೆ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದ ಹಾಗೆ.

ಈ ನಕ್ಷತ್ರ ಕ್ಯಾಮೆರಾ ವಿಷಯದಲ್ಲಿ ನಮ್ಮ ಹತ್ತಿರದ ಕೆಲಸವೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ಚಿಕ್ಕ ಬಲೂನುಗಳನ್ನು ಹಾರಿಸುತ್ತಾ ಬಂದಿದ್ದಾರೆ. ಅಂಗಡಿಯಲ್ಲಿ ಸಿಗುವ ರಾಸ್ಪ್‌ಬೆರಿ ಪೈ ಅನ್ನುವ ಅಂಗೈ ಅಗಲದ ಕಂಪ್ಯೂಟರ್ ಬಳಸಿ ಅವರು ಕಟ್ಟಿದ ನಕ್ಷತ್ರ ಸೆನ್ಸರ್, 2023ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತದ ಮೇಲೆ ಕೂತು ಬಾಹ್ಯಾಕಾಶಕ್ಕೇ ಹೋಯಿತು.

ಸೂಪರ್‌ಬಿಟ್ ಕೆಳಗಿಳಿದ ಕಥೆ ಕೇಳಿ. ಹಾರಾಟದ ನಡುವೆ ಉಪಗ್ರಹ ಸಂಪರ್ಕ ಒಂದೊಂದಾಗಿ ಕೈಕೊಟ್ಟಿತು. ತೆಗೆದ ಚಿತ್ರಗಳನ್ನು ಪೂರ್ತಿ ಕೆಳಗೆ ಕಳಿಸಲು ಆಗಲಿಲ್ಲ. ಅದೃಷ್ಟಕ್ಕೆ ತಂಡದವರು ಮೊದಲೇ ಯೋಚಿಸಿ ಚಿಕ್ಕ ಗಂಟುಗಳನ್ನು ಕಟ್ಟಿಟ್ಟಿದ್ದರು. ಒಂದೊಂದರಲ್ಲೂ ಪುಟ್ಟ ಕಂಪ್ಯೂಟರ್, ಮೆಮೊರಿ ಕಾರ್ಡು, ಜಿಪಿಎಸ್, ಸಣ್ಣ ಪ್ಯಾರಾಶೂಟ್. ನೀರು ಒಳಗೆ ಹೋಗದಿರಲಿ ಅಂತ ಸುತ್ತಿದ್ದು ಕೋಳಿ ಬೇಯಿಸುವ ಪ್ಲಾಸ್ಟಿಕ್ ಚೀಲ! ಮೇ 25ರಂದು ಅರ್ಜೆಂಟೀನಾದ ಮೇಲೆ ಎರಡು ಗಂಟುಗಳನ್ನು ಉದುರಿಸಿದರು, ಎರಡೂ ಸಿಕ್ಕವು. ಒಂದರ ಪಕ್ಕದ ಹಿಮದಲ್ಲಿ ಕಾಡುಬೆಕ್ಕಿನ ಜಾತಿಯ ದೊಡ್ಡ ಪ್ರಾಣಿ ಪ್ಯೂಮಾದ ಹೆಜ್ಜೆ ಗುರುತು ಇತ್ತಂತೆ. ಅದೇ ದಿನ ಟೆಲಿಸ್ಕೋಪ್ ಇಳಿಯಿತು. ನೆಲ ಮುಟ್ಟಿದ ಮೇಲೆ ಪ್ಯಾರಾಶೂಟ್ ಕಳಚಿಕೊಳ್ಳಬೇಕಿತ್ತು, ಕಳಚಲಿಲ್ಲ. ಗಾಳಿ ತುಂಬಿದ ಪ್ಯಾರಾಶೂಟ್ ಅದನ್ನು ನೆಲದ ಮೇಲೆ ದರದರ ಎಳೆದುಕೊಂಡು ಹೋಗಿ ಪುಡಿ ಮಾಡಿತು. ಗಂಟುಗಳಿದ್ದವು, ಕೆಲಸ ಉಳಿಯಿತು.

ಇದು ಮೊದಲ ಸಲವೂ ಅಲ್ಲ. ಅಂಟಾರ್ಕ್ಟಿಕಾದಲ್ಲಿ ಹಾರಿದ ಬ್ಲಾಸ್ಟ್ ಅನ್ನುವ ಟೆಲಿಸ್ಕೋಪನ್ನು 2007ರ ಜನವರಿಯಲ್ಲಿ ಇಳಿಸಿದಾಗಲೂ ಪ್ಯಾರಾಶೂಟ್ ಕಳಚದೆ ಹಿಮದ ಮೇಲೆ ಸುಮಾರು 200 ಕಿಲೋಮೀಟರ್ ಎಳೆದುಕೊಂಡು ಹೋಗಿ ಹಿಮದ ಬಿರುಕಿಗೆ ಕೆಡವಿತ್ತು. ದಾರಿಯುದ್ದಕ್ಕೂ ಚೂರು ಚೂರಾಗಿ ಉದುರಿತ್ತು. ಆ ಚೂರುಗಳ ಸಾಲಿನಲ್ಲಿ ಆಗ ಹೇಳಿದೆನಲ್ಲ, ಗಾಳಿ ಮುಚ್ಚಿದ ಡಬ್ಬಿ, ಅದು ಸಿಕ್ಕಿತು. ಒಳಗೆ ಡಿಸ್ಕು ಕ್ಷೇಮ!

ಹೀಗಾಗಿ ನೋಡಿ, ಕೊಂಡಿ ಎರಡು ಸಲ ಬಿಡಬೇಕು, ಹೊರಡುವಾಗ ಕ್ರೇನಿನದು, ಇಳಿದ ಮೇಲೆ ಪ್ಯಾರಾಶೂಟಿನದು. ಕಪ್ಪು ದ್ರವ್ಯ, ನಕ್ಷತ್ರದ ಹುಟ್ಟು ಅಂತ ನಾವು ದೊಡ್ಡ ದೊಡ್ಡ ಮಾತಾಡುತ್ತೇವೆ. ಟೆಲಿಸ್ಕೋಪ್ ಕಟ್ಟುವವರ ನಿದ್ದೆ ಕೆಡಿಸುವುದು ಈ ಎರಡು ಕೊಂಡಿಗಳು.

ಪ್ರಶ್ನೆ ಇದ್ದರೆ ಕೇಳಿ.

(ಕೆಲವು ಪ್ರಶ್ನೆಗಳನ್ನು ಬಿಟ್ಟಿದ್ದೇನೆ. ಇವೆರಡು ಇರಲಿ.)

"ಸರ್, ಉಪಗ್ರಹ ಇರುವಾಗ ಇದೆಲ್ಲ ಯಾಕೆ?" ದುಡ್ಡು, ಸಮಯ. ಸೂಪರ್‌ಬಿಟ್‌ಗೆ ಆದ ಖರ್ಚು ಸುಮಾರು 50 ಲಕ್ಷ ಡಾಲರ್ ಅಂತ ಹೇಳಿದ್ದಾರೆ, ಬಾಹ್ಯಾಕಾಶ ಟೆಲಿಸ್ಕೋಪಿಗೆ ಹೋಲಿಸಿದರೆ ಅದು ಚಿಲ್ಲರೆ. ಒಬ್ಬ ವಿದ್ಯಾರ್ಥಿ ಪಿಎಚ್‌ಡಿ ಮಾಡುವಷ್ಟರಲ್ಲಿ ತಾನೇ ಸ್ಕ್ರೂ ತಿರುಗಿಸಿ ಕಟ್ಟಿ, ಹಾರಿಸಿ, ಚಿತ್ರ ನೋಡಬಹುದು. ಕೆಟ್ಟರೆ ಬಿಚ್ಚಿ ನೋಡಬಹುದು. ಸನ್‌ರೈಸ್ ಅನ್ನುವ ಸೂರ್ಯನ ಟೆಲಿಸ್ಕೋಪ್ 2022ರಲ್ಲಿ ಸ್ವೀಡನ್ನಿನಿಂದ ಹೊರಟಾಗ ಹಾರಿಸುವ ಹೊತ್ತಿನಲ್ಲೇ ಏನೋ ಸಿಕ್ಕಿಕೊಂಡು ಸೂರ್ಯನ ಕಡೆ ತಿರುಗಲೇ ಇಲ್ಲ, ಕೆಲವೇ ಗಂಟೆಯಲ್ಲಿ ಇಳಿಸಬೇಕಾಯಿತು. ರಿಪೇರಿ ಮಾಡಿ 2024ರ ಜುಲೈನಲ್ಲಿ ಅದೇ ಜಾಗದಿಂದ ಮತ್ತೆ ಬಿಟ್ಟರು. ಆರು ದಿನಕ್ಕೂ ಜಾಸ್ತಿ ಹಾರಿ ಕೆನಡಾದಲ್ಲಿ ಇಳಿಯಿತು. ಉಪಗ್ರಹಕ್ಕೆ ಹೀಗೆ ಎರಡನೇ ಚಾನ್ಸ್ ಎಲ್ಲಿಂದ ಬರಬೇಕು?

ಎರಡನೇ ಪ್ರಶ್ನೆ ಕೇಳಿದ್ದು ಕಲಬುರಗಿ ಕಡೆಯ ಹುಡುಗಿ. "ನಮ್ಮ ಹೊಲದಾಗ ಬಿದ್ರ ಏನ್ ಮಾಡ್ಬೇಕ್ರೀ?"

ಒಳ್ಳೆ ಪ್ರಶ್ನೆ ತಾಯಿ, ನಿಮ್ಮ ಕಡೆಗೆ ಬರುವ ಸಾಧ್ಯತೆ ನಿಜವಾಗಿಯೂ ಇದೆ. ಹೈದರಾಬಾದಿನಿಂದ ಹೊರಟವು ಪೂರ್ವಕ್ಕೆ ವಿಶಾಖಪಟ್ಟಣದ ಕಡೆ, ಪಶ್ಚಿಮಕ್ಕೆ ಸೊಲ್ಲಾಪುರದ ಕಡೆ, 200ರಿಂದ 350 ಕಿಲೋಮೀಟರ್ ಒಳಗೆ ಬೀಳುತ್ತವೆ. ಹಾರಾಟದ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತಾರೆ. ಬಣ್ಣದ ದೊಡ್ಡ ಪ್ಯಾರಾಶೂಟ್ ಕಂಡರೆ ಹತ್ತಿರದ ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿ. ಪೆಟ್ಟಿಗೆ ಮುಟ್ಟಬೇಡಿ, ಕೆಲವದರಲ್ಲಿ ಹೈ ವೋಲ್ಟೇಜ್ ಇರುತ್ತದೆ. ಪ್ಲಾಸ್ಟಿಕ್ಕಿನ ಹತ್ತಿರ ದನ ಬಿಡಬೇಡಿ, ಇದು ನಾನು ಸೇರಿಸಿದ್ದು. ತಿಳಿಸಿದವರಿಗೆ ಬಹುಮಾನ ಮತ್ತು ಆದ ಖರ್ಚು ಕೊಡುತ್ತೇವೆ ಅಂತ ಆ ಪ್ರಕಟಣೆಯಲ್ಲೇ ಇರುತ್ತದೆ. ಅದರ ಕೆಳಗೇ ಇನ್ನೊಂದು ಸಾಲು: ಬಿಚ್ಚಿ ನೋಡಿದ್ದರೆ ಬಹುಮಾನ ಇಲ್ಲ.